ಕೇಳಿ ಮರೆಯುವವರೇ ಹೆಚ್ಚು: ಸರ್ವನಾಮ ವೇರಿಯಬಲ್ ಸಂದರ್ಶನ

ಮುಂದೇನಾಗಬೇಕೆಂದು ಓದುಗರೇ ಕ್ಲಿಕ್ ಮಾಡಿ ತೀರ್ಮಾನಿಸುವ ಇಂಟರ್‌ಆಕ್ಟಿವ್ ಕತೆಗಳಲ್ಲಿ, ಆಡುವವರು ‘ಹೀ’ಯೋ ‘ಶೀ’ಯೋ ‘ದೇ’ಯೋ ಎಂದು ನೆನಪಿಟ್ಟುಕೊಳ್ಳುವುದು ಸರ್ವನಾಮ ವೇರಿಯಬಲ್‌ನ ಕೆಲಸ. ಕೋಡ್‌ನಲ್ಲಿ ತನ್ನ ಹೆಸರಿಗೆ ಅಂಟುವ ಡಾಲರ್ ಚಿಹ್ನೆ ಹೊತ್ತೇ ಸಂದರ್ಶನಕ್ಕೆ ಬಂತು, ಜೇಬಿನಲ್ಲಿ ಮಾತ್ರ ಕಾಸಿರಲಿಲ್ಲ.

ಪ್ರಶ್ನೆ: ಮೊದಲಿಗೆ, ತಮ್ಮನ್ನು ಹೇಗೆ ಕರೆಯಲಿ?

ಉತ್ತರ: ಕೇಳಿದ ಮೇಲೆ ಹಾಗೆಯೇ ಕರೆಯುತ್ತೀರಾ? ಇಲ್ಲವಾದರೆ ನಾಲ್ಕು ಪದ ದಂಡ.

ಪ್ರಶ್ನೆ: ಇಷ್ಟೊಂದು ಜಿಪುಣತನವೇ?

ಉತ್ತರ: ನನ್ನದಲ್ಲ, ಪದಮಿತಿಯದು. ಇಂಥ ಕತೆಯಾಟ ಬರೆಯುವ ಪೋರ್ಪೆಂಟೈನ್ 2015ರಲ್ಲಿ ‘ಟ್ವೈನಿ ಜ್ಯಾಮ್’ ನಡೆಸಿದರು: ಟ್ವೈನ್ ಎಂಬ ಸಾಧನದಲ್ಲಿ ಪುಟ್ಟ ಆಟ ಕಟ್ಟುವ ಕೂಟ, ಒಂದು ಆಟಕ್ಕೆ ಹೆಚ್ಚೆಂದರೆ 300 ಪದ. ಅದರಲ್ಲೇ ಪ್ರಶ್ನೆ, ಮೂರು ಆಯ್ಕೆ, ‘ಇತರೆ’ ಎಂಬ ನಾಲ್ಕನೆಯದು, ‘ಖಚಿತವೇ?’ ಎಂಬ ಮರುಪ್ರಶ್ನೆ! ಅರ್ಜಿ ತುಂಬಿ ಮುಗಿಯುವಷ್ಟರಲ್ಲಿ ಕತೆಗೆ ಉಳಿಯುವುದು ‘ಬಾಗಿಲು ತೆರೆಯಿತು, ನೀವು ಸತ್ತಿರಿ’ ಅಷ್ಟೆ.

ಪ್ರಶ್ನೆ: ಒಂದು ಪದ ಬದಲಿಸಲು ಇಷ್ಟು ಗೋಳೇ?

ಉತ್ತರ: ಒಂದೇ? ದೇ, ದೆಮ್, ದೇರ್, ದೇರ್ಸ್, ದೆಮ್‌ಸೆಲ್ಫ್ ಎಂದು ಇಂಗ್ಲಿಷಿನಲ್ಲಿ ನನಗೆ ಐದು ವೇಷ. ಚಾಯ್ಸ್‌ಸ್ಕ್ರಿಪ್ಟ್ ಎಂಬ ಕತೆಯಾಟದ ಕೋಡ್ ಭಾಷೆಯಲ್ಲಾದರೆ ವಾಕ್ಯದ ಮೊದಲಿಗೆ ದೊಡ್ಡಕ್ಷರ ಬರಲೆಂದು ಡಾಲರ್ ಪಕ್ಕ ಆಶ್ಚರ್ಯಸೂಚಕವನ್ನೂ ಹೊರಬೇಕು. ‘ಹೀ ಈಸ್’ ಸರಿ. ‘ದೇ’ ಬಂದೊಡನೆ ‘ಈಸ್’ ಹೋಗಿ ‘ಆರ್’ ಆಗಬೇಕು. ಬರೆದವರು ‘ಹೀ’ ಒತ್ತಿ ಒಮ್ಮೆ ಆಡಿ ಮಲಗಿರುತ್ತಾರೆ. ‘ದೇ ಈಸ್’ ಎಂದು ನಗೆಪಾಟಲಾಗುವುದು ನಾನು.

ಪ್ರಶ್ನೆ: ಕನ್ನಡಕ್ಕೆ ಬಂದುಬಿಡಿ, ಸುಖವಾಗಿರಬಹುದು.

ಉತ್ತರ: ಬಂದನು, ಬಂದಳು, ಬಂದರು! ಇಲ್ಲಿ ಕ್ರಿಯಾಪದದ ಬಾಲಕ್ಕೂ ನನ್ನದೇ ಡ್ಯೂಟಿ. ‘ನೀವು ಬಂದಿರಿ’ ಎಂದರೆ ಮಾತ್ರ ರಜೆ.

ಪ್ರಶ್ನೆ: ಹಾಗಾದರೆ ಎಲ್ಲವನ್ನೂ ‘ನೀವು’ ಎಂದೇ ಬರೆದರಾಯಿತಲ್ಲ?

ಉತ್ತರ: 1970ರ ದಶಕದ ‘ಅಡ್ವೆಂಚರ್’ ಆಟದ ಕಾಲದಿಂದಲೂ ಬಹುಪಾಲು ನಡೆದಿರುವುದು ಹಾಗೆಯೇ. ಆದರೆ ಉಳಿದ ಪಾತ್ರಗಳು ಆಡುವವರ ಬಗ್ಗೆ ತಮ್ಮೊಳಗೇ ಮಾತಾಡಿಕೊಂಡರೆ ನಾನು ಬೇಕೇ ಬೇಕು. ಅಲ್ಲೇ ನನ್ನ ಅನ್ನ. ಕೆಲವರು ಮೊದಲ ಪುಟದಲ್ಲಿ ವಿನಯದಿಂದ ಸರ್ವನಾಮ ಕೇಳುತ್ತಾರೆ. ಕತೆಯೋ ಕೊನೆತನಕ ‘ಯೂ’. ಕೇಳಿ ಮರೆಯುವುದಕ್ಕಿಂತ ಕೇಳದಿರುವುದೇ ಮರ್ಯಾದೆ.

ಪ್ರಶ್ನೆ: ಪದ ಪೋಲಾಗದಂತೆ ಕೇಳಲು ಉಪಾಯ?

ಉತ್ತರ: ಇನ್ಫೋಕಾಮ್ ಕಂಪನಿಯವರ ‘ಲೆದರ್ ಗಾಡೆಸಸ್ ಆಫ್ ಫೋಬೋಸ್’ (1986) ಆಟ ಹೆಂಡದಂಗಡಿಯಲ್ಲಿ ಶುರುವಾಗುತ್ತದೆ. ಜಲಬಾಧೆ. ಗಂಡಸರ ಶೌಚಾಲಯಕ್ಕೆ ಹೊಕ್ಕರೆ ಗಂಡು, ಹೆಂಗಸರದಕ್ಕೆ ಹೊಕ್ಕರೆ ಹೆಣ್ಣು. ಅರ್ಜಿಯಿಲ್ಲ, ಕತೆ ಆಗಲೇ ಓಡುತ್ತಿದೆ! ಎರಡೇ ಬಾಗಿಲಿದ್ದದ್ದು ಅದರ ಕೊರತೆ. ಈಗ ಟ್ವೈನ್‌ನಲ್ಲಿ ಸೈಕ್ಲಿಂಗ್ ಲಿಂಕ್ ಇದೆ: ಯಾರೋ ಆಡುವ ಮಾತಿನ ನಡುವಿನ ಒಂದೇ ಪದ, ಒತ್ತಿದಂತೆಲ್ಲ ಹೀ, ಶೀ, ದೇ ಎಂದು ತಿರುಗುತ್ತದೆ. ಪ್ರಶ್ನೆಯೂ ಅದೇ, ಕತೆಯೂ ಅದೇ.

ಪ್ರಶ್ನೆ: ಬರೆಯುವವರಿಗೆ ಕಿವಿಮಾತು?

ಉತ್ತರ: ಕತೆಯಲ್ಲಿ ನನಗೆ ಎರಡು ಕಡೆಯಾದರೂ ಕೆಲಸವಿದ್ದರೆ ಕರೆಯಿರಿ. ಕರೆದ ಮೇಲೆ ಇಟ್ಟ ಪ್ರತಿ ಆಯ್ಕೆಯಲ್ಲೂ ಒಂದೊಂದು ಸಲ ಕೊನೆತನಕ ಆಡಿ ನೋಡಿ. ಕೆಲಸವಿಲ್ಲವೆಂದಾದರೆ ನನ್ನ ಪಾಲಿನ ಪದಗಳನ್ನು ಕತೆಗೇ ಕೊಟ್ಟುಬಿಡಿ.