ಬಾಗಿಲ ಮೇಲಿನ ಅವ್ವ

ರಾಯಚೂರಿನ ನಮ್ಮ ಮನೆಗೆ ಕ್ಯಾಮೆರಾ ಹಾಕಿಸಿದ್ದು ಕಳ್ಳರಿಗಾಗಿ. ಸಿಕ್ಕಿಬಿದ್ದದ್ದು ನನ್ನ ಬೋಳುತಲೆ. ಐವತ್ತು ವರ್ಷ ಕನ್ನಡಿ ಮುಂದೆ ನಿಂತು ಬಾಚಿಕೊಂಡವನಿಗೆ ನೆತ್ತಿಯ ಮೇಲೆ ಇಂಥದೊಂದು ಬಯಲು ಇರುವುದೇ ಗೊತ್ತಿರಲಿಲ್ಲ.

ಪಾಸ್‌ವರ್ಡನ್ನು ದೇವದುರ್ಗದ ಅವ್ವನಿಗೂ ಮಾನ್ವಿಯ ತಂಗಿಗೂ ಕೊಟ್ಟದ್ದು ಎರಡನೇ ತಪ್ಪು. 1966ರಲ್ಲಿ ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸಮ್ಮ, ಬಾಗಿಲಿಗೆ ಬಂದವರನ್ನು ಒಳಗಿಂದಲೇ ನೋಡಿ ಮಾತಾಡಿಸುವ ಕ್ಯಾಮೆರಾಕ್ಕೆ ಪೇಟೆಂಟ್ ಕೇಳಿದಳು, 1969ರಲ್ಲಿ ಸಿಕ್ಕಿತು. ಪಾಪ, ಆಕೆಗೆ ನಮ್ಮವ್ವನ ಪರಿಚಯವಿರಲಿಲ್ಲ. ಬೆಳಿಗ್ಗೆ ಹಾಲಿನವನು ಗೇಟು ತೆರೆದರೆ ಈಗ ಗೋಡೆಯೇ ಗದರುತ್ತದೆ: "ಏ ತಮ್ಮಾ, ನಿನ್ನೆ ಹಾಲಿಗೆ ಎಷ್ಟ್ ನೀರ್ ಹಾಕಿದ್ದ್ಯಪಾ?" ಅವನು ಕ್ಯಾಮೆರಾಕ್ಕೆ ಕೈಮುಗಿದೇ ಹಾಲು ಅಳೆಯುತ್ತಾನೆ.

ರಾತ್ರಿಯದು ಬೇರೆ ಕತೆ. ಕತ್ತಲಲ್ಲೂ ಕಾಣಲೆಂದು ಕ್ಯಾಮೆರಾ ಬಿಡುವ ಅವಗೆಂಪು ಬೆಳಕಿನೆದುರು ಜೇಡವೊಂದು ಸಂಸಾರ ಹೂಡಿದೆ. ಲೆನ್ಸಿನ ಮೇಲೆ ಅದು ಕಾಲು ಚಾಚಿದರೆ ಫೋನಿನಲ್ಲಿ ಬಿಳಿ ರಾಕ್ಷಸ. ಮಾನ್ವಿಯಿಂದ ತಂಗಿ ಕಿರುಚುತ್ತಾಳೆ: "ಅಣ್ಣಾ, ಅಂಗಳದಾಗ ಏನೋ ಐತಿ!" ಲುಂಗಿ ಕಟ್ಟಿ, ಕಸಬರಿಗೆ ಹಿಡಿದು ನಾನು ಹೊರಬಂದ ಶೌರ್ಯವೆಲ್ಲ ರೆಕಾರ್ಡಾಗಿ ಬೆಳಗಾಗುವಷ್ಟರಲ್ಲಿ ಬೀಗರ ವಾಟ್ಸಾಪಿಗೆ ಹೋಗಿರುತ್ತದೆ.

ಡಾಕ್ಟರು ಎಣ್ಣೆ ಬಿಡಿ ಅಂದಿದ್ದಾರೆ. ಹಾಗಾಗಿ ಮೊನ್ನೆ ಸಂಜೆ ಕರೆಂಟು ಹೋಗುವುದನ್ನೇ ಕಾದಿದ್ದು, ಬಿಸಿ ಮಿರ್ಚಿ ಭಜಿಯ ಪೊಟ್ಟಣವನ್ನು ಅಂಗಿಯೊಳಗಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಗೇಟು ದಾಟಿದೆ. ಹೊಟ್ಟೆ ಸುಟ್ಟರೂ ಉಸಿರೆತ್ತಲಿಲ್ಲ.

"ಎಷ್ಟ್ ತಂದೀ?" ಎಂದಿತು ಗೋಡೆ.

ಕ್ಯಾಮೆರಾಕ್ಕೆ ಇನ್ವರ್ಟರ್ ಕೊಡಿಸಿದ್ದು ನಾನೇ ಎಂಬುದು ಆಗ ನೆನಪಾಯಿತು.