ಕಾರುಶುಶ್ರೂಷಾ ಮೀಮಾಂಸೆ (ಘಣಸೋಲಿ ಪಾಠ)

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಹೇಳಬೇಕು ಎಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಎಂದರೆ ಘಣಸೋಲಿಯ ಯಾವುದಾದರೊಂದು ಸೆಕ್ಟರಿನಲ್ಲಿ ಫ್ಲ್ಯಾಟು, ಅದರ ಕೆಳಗೆ ಎಂಎಚ್ 43 ನಂಬರಿನ ಕಾರು, ಎರಡರ ಮೇಲೂ ಬ್ಯಾಂಕಿನ ಕಂತು, ಇಷ್ಟನ್ನೂ ಉಳ್ಳವನು. ಮತ್ತು ‘ಸರ್, ಆಪ್‌ಕೀ ಗಾಡೀ ಕಾ ಸರ್ವಿಸ್ ಡ್ಯೂ ಹೈ’ ಎಂಬ ಫೋನು ಬಂದಾಗ ‘ಮೀಟಿಂಗಿನಲ್ಲಿದ್ದೇನೆ’ ಎನ್ನುವವನು. ಕಂಪನಿಯೇ ಕಾರು ಕೊಟ್ಟು ಕಂಪನಿಯೇ ಸರ್ವಿಸ್ ಮಾಡಿಸುವ ಭಾಗ್ಯವಂತರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ಮುಕ್ತರು. ಮುಕ್ತರಿಗೆ ಶಾಸ್ತ್ರದ ಗೊಡವೆ ಯಾಕೆ?

ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಹೇಳುತ್ತಾರೆ. ವಿಷಯ: ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ, ಯಾವುದು ಮೊದಲು ಬಂದೀತೋ ಅದಕ್ಕೆ, ಮಾಡಿಸಬೇಕೆಂದು ಕಾರಿನ ಜೊತೆ ಬಂದ ಪುಸ್ತಕ ವಿಧಿಸಿದ ಸರ್ವಿಸ್. ಸಂಶಯ: ಅದನ್ನು ಡೀಲರ ವರ್ಕ್‌ಶಾಪಿನಲ್ಲಿ ಮಾಡಿಸಿ ಕೇಳಿದಷ್ಟು ಕೊಡಬೇಕೋ, ಗ್ಯಾರೇಜಿನ ಉಸ್ತಾದನಿಗೆ ಒಪ್ಪಿಸಿ ಉಳಿಸಬೇಕೋ, ಅಥವಾ ಬಾನೆಟ್ ಎತ್ತಿ ನೋಡಿ, ಗಂಭೀರವಾಗಿ ತಲೆಯಾಡಿಸಿ, ಮುಚ್ಚಿ, ಮುಂದಿನ ತಿಂಗಳಿಗೆ ದಾಟಿಸಬೇಕೋ. ಈ ಮೂರನೆಯ ಮತಕ್ಕೆ ಅನುಯಾಯಿಗಳು ವಿಪರೀತ. ಭಾಷ್ಯ ಬರೆದವರು ಮಾತ್ರ ಯಾರೂ ಇಲ್ಲ.

ದೇಶಕಾಲ ವಿಚಾರ. ‘ಯಾವುದು ಮೊದಲೋ ಅದು’ ಎಂದು ಬರೆದ ಪುಣ್ಯಾತ್ಮ ಘಣಸೋಲಿಯನ್ನು ಕಂಡವನಲ್ಲ. 2004ರ ನವೆಂಬರಿನಲ್ಲಿ ಟ್ರಾನ್ಸ್-ಹಾರ್ಬರ್ ಲೈನಿನಲ್ಲಿ ಲೋಕಲ್ ಓಡಲಾರಂಭಿಸಿದ ಮೇಲೆ ಇಲ್ಲಿನ ಮನುಷ್ಯ ರಬಾಳೆ, ಐರೋಲಿ ದಾಟಿ ಥಾಣೆಗೂ, ಕೋಪರ್‌ಖೈರಣೆ, ತುರ್ಭೆ ದಾಟಿ ವಾಶಿಗೂ ರೈಲಿನಲ್ಲೇ ಹೋಗಿಬರುತ್ತಾನೆ. ಕಾರು ಬಿಲ್ಡಿಂಗಿನ ಕೆಳಗೆ ಕೂತಿರುತ್ತದೆ. 2024ರ ಅಕ್ಟೋಬರಿನಲ್ಲಿ ಐರೋಲಿ ನಾಕಾದಲ್ಲಿ ಕಾರುಗಳಿಗೆ ಟೋಲು ಹೋಯಿತು. ಆದರೂ ಅದು ಎದ್ದು ಮುಲುಂಡಿನ ಕಡೆ ಹೊರಡಲಿಲ್ಲ. ಅದು ಕದಲುವುದು ಭಾನುವಾರದ ವಾಶಿ ಮಾರ್ಕೆಟ್ಟಿಗೆ, ಯಾರದೋ ಮದುವೆಯೆಂದು ನೆರೂಲಿಗೆ, ನವರಾತ್ರಿಯಲ್ಲಿ ಇಲ್ಲೇ ಮೂಕಾಂಬಿಕಾ ಮಂದಿರಕ್ಕೆ, ಮತ್ತೆ ಮೇ ತಿಂಗಳಲ್ಲಿ ಒಮ್ಮೆ ಊರಿಗೆ. ಹೀಗಾಗಿ ಕಿಲೋಮೀಟರು ಮೊದಲು ಬಂದ ಉದಾಹರಣೆಯೇ ಇಲ್ಲಿ ಅಪರೂಪ; ತಿಂಗಳೇ ಮೊದಲು ಬರುತ್ತದೆ. ಘಣಸೋಲಿಯಲ್ಲಿ ಸರ್ವಿಸ್ ಎಂಬುದು ಯಂತ್ರಕರ್ಮವಲ್ಲ, ವಾರ್ಷಿಕ ತಿಥಿ. ಓಡಿದ್ದಕ್ಕಲ್ಲ, ವರ್ಷ ತುಂಬಿದ್ದಕ್ಕೆ ಮಾಡುವುದು.

ಇನ್ನು ಪೂರ್ವಪಕ್ಷ. ಇದನ್ನು ಮಂಡಿಸುವವರು ಸಾಮಾನ್ಯವಾಗಿ ಎರಡನೇ ಮಾಳಿಗೆಯ, ಹೋಟೆಲು ಮಾರಿ ನಿವೃತ್ತರಾದ, ಕುಂದಾಪುರ ಕಡೆಯ ಮಾವ. ‘ಎಂಥ ಸರ್ವಿಸ್ ಮಾರಾಯಾ? ಗಾಡಿ ಓಡ್ಲೇ ಇಲ್ಲ. ಎಣ್ಣೆ ಹಾಗೇ ಉಂಟು. ನಮ್ಮ ಫಿಯೆಟ್ಟಿಗೆ ಯಾವ ಡೀಲರ ಇದ್ದ?’ ಈ ಸಂಪ್ರದಾಯವನ್ನು ಪಂಡಿತರು ಪದ್ಮಿನೀಮತ ಎಂದು ಕರೆಯಬಹುದು. ಫಿಯೆಟ್ ಎಂದೇ ಜನ ಕರೆಯುತ್ತಿದ್ದ, ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಡ್ರೈವರನೇ ಕಾರ್ಬೊರೇಟರ್ ಬಿಚ್ಚಿ, ಬಾಯಿಂದ ಊದಿ, ಮತ್ತೆ ಕೂರಿಸುತ್ತಿದ್ದ. ಊದುವುದಕ್ಕೆ ಜಿಎಸ್‌ಟಿ ಇರಲಿಲ್ಲ. ಆದರೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಮತ ಮಾತ್ರ ಉಳಿದಿದೆ.

ಮಾವನ ವಾದ ಕೇಳಲು ಇಂಪು, ನಿಲ್ಲುವುದಿಲ್ಲ. ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ‘ಕಠಿಣ ಬಳಕೆ’ ಎಂಬ ಪ್ರಕರಣವಿರುತ್ತದೆ. ಧೂಳಿನ ರಸ್ತೆ, ನಿಂತು ನಿಂತು ಸಾಗುವ ಟ್ರಾಫಿಕ್ಕು, ಪದೇಪದೇ ಚಿಕ್ಕ ದೂರದ ಓಡಾಟ ಎಂದು ಅಲ್ಲಿ ಪಟ್ಟಿ. ಮನೆಯಿಂದ ಮಂದಿರಕ್ಕೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ; ಒಳಗೆ ಕೂಡಿದ ನೀರಾವಿಯೂ ಉರಿಯದೆ ಉಳಿದ ಪೆಟ್ರೋಲೂ ಹಾರಿಹೋಗದೆ ಎಣ್ಣೆಯಲ್ಲೇ ಬೆರೆತು ಕೂರುತ್ತವೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಕಾರು ಓಡಲಿ ಬಿಡಲಿ. ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ, ನಡುವೆ ನಾಲ್ಕು ತಿಂಗಳ ಮಳೆ ಇರುವ ಈ ಊರಿನಲ್ಲಿ ಹೀರಲು ತೇವಕ್ಕೇನೂ ಬರವಿಲ್ಲ. ಬ್ಯಾಟರಿಯಂತೂ ಸುಮ್ಮನೆ ಕೂತೇ ಸಾಯುತ್ತದೆ. ಆದ್ದರಿಂದ, ಆಶ್ಚರ್ಯವಾದರೂ ಸತ್ಯ, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರು ಓಡಿದ ಘಣಸೋಲಿಯ ಕಾರು, ಪುಣೆ ಹೆದ್ದಾರಿಯಲ್ಲಿ ದಿನಾ ಓಡುವ ಕಾರಿಗಿಂತ ಹೆಚ್ಚು ಕಷ್ಟಜೀವಿ. ಮಾವನ ಎಣ್ಣೆ ‘ಹಾಗೇ’ ಇಲ್ಲ.

ಸರ್ವಿಸ್ ಬೇಕು ಎಂಬುದು ಇಷ್ಟರಿಂದ ಸಿದ್ಧ. ಡೀಲರನಲ್ಲೇ ಬೇಕು, ಡೀಲರ ಹೇಳಿದ್ದೆಲ್ಲ ಬೇಕು ಎಂಬುದು ಸಿದ್ಧವಾಗಿಲ್ಲ. ಈ ಎರಡರ ನಡುವಿನ ಅಂತರದಲ್ಲೇ ಸರ್ವಿಸ್ ಅಡ್ವೈಸರ್ ಎಂಬ ಆಚಾರ್ಯರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಗ್ರಂಥಸಂಪಾದನಾ ವಿಚಾರ. ಆಚಾರ್ಯರು ಕೊಡುವ ಎಸ್ಟಿಮೇಟನ್ನು ಓದುವುದಕ್ಕೆ ಪುಣೆಯ ವಿದ್ವಾಂಸರ ಮಾರ್ಗವೇ ಸರಿ. ಅಲ್ಲಿನ ಭಂಡಾರಕರ್ ಸಂಸ್ಥೆಯಲ್ಲಿ 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿದ ಮಹಾಭಾರತದ ಸಂಶೋಧಿತ ಆವೃತ್ತಿಗೆ ವಿ. ಎಸ್. ಸುಖಠಣಕರ್ ಹಾಕಿಕೊಟ್ಟ ಕ್ರಮ ಸರಳ: ಪ್ರಾಂತಪ್ರಾಂತದ ಹಸ್ತಪ್ರತಿಗಳನ್ನು ಎದುರುಬದುರು ಇಡು, ಎಲ್ಲದರಲ್ಲೂ ಇರುವುದನ್ನು ಮೇಲೆ ಇಟ್ಟುಕೋ, ಒಂದೇ ಶಾಖೆಯಲ್ಲಿ ಇಣುಕುವುದನ್ನು ಪ್ರಕ್ಷಿಪ್ತವೆಂದು ಕೆಳಗೆ ಇಳಿಸು. ನಮಗೆ ಎರಡೇ ಪ್ರತಿ ಸಾಕು. ಮೊದಲನೆಯದು ಗ್ಲೋವ್ ಬಾಕ್ಸಿನಲ್ಲಿರುವ ಪುಸ್ತಕದ ಸರ್ವಿಸ್ ಕೋಷ್ಟಕ. ಬಹುತೇಕ ಮನೆಗಳಲ್ಲಿ ಇದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇಲ್ಲವಾದ್ದರಿಂದ ಪಾಠ ಅತ್ಯಂತ ಶುದ್ಧ. ಎರಡನೆಯದು ಡೀಲರ ಎಸ್ಟಿಮೇಟು, ಉತ್ತರಕಾಲೀನ ಪರಿಷ್ಕರಣ.

ಹೋಲಿಸಿ ನೋಡಿದರೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರಿನ ಪರೀಕ್ಷೆ, ಬ್ರೇಕಿನ ಪರೀಕ್ಷೆ, ಕೂಲಂಟಿನ ಮಟ್ಟ ಇವು ಎರಡರಲ್ಲೂ ಇವೆ. ಎರಡನೆಯದರಲ್ಲಿ ಮಾತ್ರ ಕಾಣುವವು: ಎಂಜಿನ್ ಡೀಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಡಿಸಿನ್‌ಫೆಕ್ಷನ್, ಟೆಫ್ಲಾನ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್, ಮತ್ತು ಇಂಟೀರಿಯರ್ ಎನ್‌ರಿಚ್‌ಮೆಂಟ್ ಎಂಬೊಂದು ಅಪೂರ್ವ ವಸ್ತು. ಡ್ಯಾಶ್‌ಬೋರ್ಡಿಗೆ ಹೊಳಪಿನ ದ್ರವ ಸವರುವುದಕ್ಕೆ ಆ ಹೆಸರಂತೆ. ಶೈಲಿಯೂ ಬೇರೆ. ಮೂಲಪಾಠ ‘ಬದಲಿಸು’, ‘ಪರೀಕ್ಷಿಸು’ ಎಂದು ಚುಟುಕಾಗಿ ವಿಧಿಸುತ್ತದೆ; ಪ್ರಕ್ಷಿಪ್ತ ಭಾಗದಲ್ಲಿ ಮೈಲೇಜು, ಲೈಫು, ಶೈನು ಎಂಬ ಫಲಶ್ರುತಿ ಧಾರಾಳ. ಫಲಶ್ರುತಿ ಉದ್ದವಾದಷ್ಟೂ ಪಾಠ ಈಚಿನದು ಎಂಬುದನ್ನು ಸ್ತೋತ್ರ ಸಾಹಿತ್ಯ ಓದಿದ ಯಾರಾದರೂ ಒಪ್ಪುತ್ತಾರೆ.

ಪ್ರಕ್ಷಿಪ್ತವೆಲ್ಲ ಕಸವೇನಲ್ಲ. ಸುಖಠಣಕರರೂ ಎಸೆಯಲಿಲ್ಲ, ಅಡಿಯಲ್ಲಿ ಅಚ್ಚು ಹಾಕಿಸಿದರು. ಖಾಡಿಯ ಉಪ್ಪುಗಾಳಿ, ಜುಲೈಯಲ್ಲಿ ಚಕ್ರ ಮುಳುಗುವ ನೀರು ಇರುವಲ್ಲಿ ಕಾರಿನ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಒಮ್ಮೆ ಮಾಡಿಸಿದರೆ ತಪ್ಪಲ್ಲ. ಪ್ರತಿ ವರ್ಷ ಬೇಡ. ಎಂಜಿನ್ ನಿಂತಲ್ಲಿ ತಡವರಿಸುತ್ತಿದ್ದರೆ ಥ್ರಾಟಲ್ ಬಾಡಿ ತೊಳೆಸಬಹುದು, ತಡವರಿಸದಿದ್ದರೆ ತೊಳೆಸುವುದೇಕೆ? ಉಳಿದವುಗಳ ಮೇಲೆ ಪೆನ್ನಿನಿಂದ ಗೆರೆ ಎಳೆದು, ಗೆರೆ ಎಳೆದ ಜಾಬ್ ಕಾರ್ಡಿನ ಫೋಟೋ ಹಿಡಿದು, ಆಮೇಲೆ ಸಹಿ ಹಾಕುವುದು. ಸಹಿ ಮೊದಲು, ಓದು ಆಮೇಲೆ ಎಂಬ ಪದ್ಧತಿ ಫ್ಲ್ಯಾಟಿನ ಕರಾರಿನಿಂದ ಬಂದ ದುರಭ್ಯಾಸ.

ಉಚಿತ ಸರ್ವಿಸ್ ಬಗ್ಗೆ ಎರಡೇ ಮಾತು. ಉಚಿತವಾಗಿರುವುದು ಕೂಲಿ. ಎಣ್ಣೆ, ಫಿಲ್ಟರು ಉಚಿತವಲ್ಲ. ಮಾಯಾವಾದಿಗಳು ಇದನ್ನು ದೃಷ್ಟಾಂತವಾಗಿ ಬಳಸಿಕೊಳ್ಳಲಿ.

ಶಾಪಾಶಯ ಪ್ರಕರಣ. ಹಾಗಾದರೆ ಗ್ಯಾರೇಜಿಗೇ ಹೋಗಬಾರದೇಕೆ? ಇಲ್ಲಿ ಅಡ್ಡ ನಿಲ್ಲುವುದು ವಾರಂಟಿ. ಕನ್ನಡ ಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲುಗಳು ಗೊತ್ತು: ಈ ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರುತ್ತಾನೆ. ಥಾಣೆಯಿಂದ ಆಳಿದ ಶಿಲಾಹಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓದಲು ಬಾರದವನಿಗೂ ತಿಳಿಯಲೆಂದು, ಕಲ್ಲಿನ ಮೇಲೆ ಕತ್ತೆಯ ಚಿತ್ರವನ್ನೇ ಕೆತ್ತಿಸುತ್ತಿದ್ದರು. ಗಧೇಗಾಳ ಎಂಬ ಈ ಕಲ್ಲುಗಳು ಕೊಂಕಣದಲ್ಲಿ ಅಲ್ಲಲ್ಲಿ ಸಿಗುತ್ತವೆ. (ಕತ್ತೆ ಏನು ಮಾಡುತ್ತಿರುತ್ತದೆ ಎಂಬುದು ಕುಟುಂಬ ಸಮೇತ ಓದುವ ಪತ್ರಿಕೆಗೆ ಬೇಡ.) ವಾರಂಟಿ ಪುಸ್ತಿಕೆಯ ಕೊನೆಯ ಪುಟ ಈ ಪರಂಪರೆಗೇ ಸೇರಿದ್ದು. ಅಧಿಕೃತ ವರ್ಕ್‌ಶಾಪಿನ ಹೊರಗೆ ನಟ್ಟು ಬಿಚ್ಚಿಸಿದವನು ಸಕಲ ಹಕ್ಕುಗಳಿಂದ ಭ್ರಷ್ಟನಾಗುತ್ತಾನೆ. ಶಾಸನದಲ್ಲಿ ಅರವತ್ತು ಸಾವಿರ ವರ್ಷ, ಇಲ್ಲಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು ಎಂಬಷ್ಟೇ ವ್ಯತ್ಯಾಸ.

ಈ ಶಾಪಕ್ಕೆ ವಿಮೋಚನೆ ಇಲ್ಲವೇ ಎಂದು ಕೇಳಿದವರೂ ಇದ್ದಾರೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿದರು: ಬಿಡಿಭಾಗವನ್ನೂ ದೋಷ ಹುಡುಕುವ ಉಪಕರಣವನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಕಂಪನಿಗಳು ಬಾಗಿಲು ಹಾಕಿಕೊಂಡಿವೆ ಎಂಬುದು ದೂರು. 2014ರ ಆಗಸ್ಟ್ 25ರಂದು ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ನಮ್ಮ ಶಾಸ್ತ್ರಕ್ಕೆ ದಂಡಕ್ಕಿಂತ ಮುಖ್ಯವಾದದ್ದು ಆ ಆದೇಶದೊಳಗಿನ ಇನ್ನೊಂದು ಮಾತು: ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡುವ ಷರತ್ತು ಸಲ್ಲದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ರದ್ದು. ದಂಡ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ಲನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯೊಳಗಿವೆ. ಹೀಗೆ ಶ್ರುತಿಯಲ್ಲಿ ಗ್ರಾಹಕನೇ ಗೆದ್ದಿದ್ದಾನೆ. ಲೋಕದಲ್ಲಿ, ಗೇರ್‌ಬಾಕ್ಸ್ ಕೈಕೊಟ್ಟ ದಿನ ಕೌಂಟರಿನ ಮುಂದೆ ನಿಂತು ಆಯೋಗದ ಆದೇಶವನ್ನು ಓದಿ ಹೇಳುವವನಿಗೆ ಸಿಗುವುದು ಒಂದು ಲೋಟ ತಣ್ಣೀರು ಮತ್ತು ‘ಸರ್, ಕಂಪನಿ ಸೇ ಬಾತ್ ಕರ್‌ಕೇ ಬತಾತಾ ಹೂಂ’ ಎಂಬ ಅಭಯ.

ಆದ್ದರಿಂದ ಸಿದ್ಧಾಂತ: ವಾರಂಟಿ ಇರುವಷ್ಟು ಕಾಲ ಡೀಲರನಲ್ಲೇ, ಆದರೆ ಮೂಲಪಾಠದಷ್ಟೇ. ಕೊಡುವ ದುಡ್ಡು ಎಣ್ಣೆಗೆ ಅರ್ಧ, ಮುಂದೊಂದು ದಿನ ಜಗಳಕ್ಕೆ ಬೇಕಾಗುವ ಮುದ್ರೆಗೆ ಅರ್ಧ ಎಂದು ತಿಳಿಯಬೇಕು. ವಾರಂಟಿ ಮುಗಿದ ಮರುದಿನವೇ ಆ ಮುದ್ರೆಯ ಬೆಲೆ ಬಿದ್ದುಹೋಗುತ್ತದೆ, ಆಗ ಗ್ಯಾರೇಜು. ನಾಲ್ಕು ವರ್ಷಕ್ಕೆ ಕಾರು ಮಾರುವ ಯೋಚನೆಯಿದ್ದರೆ ಮಾತ್ರ ಮುದ್ರೆಗೆ ಇನ್ನೂ ಸ್ವಲ್ಪ ಕಿಮ್ಮತ್ತು ಉಂಟು, ಕೊಳ್ಳುವವನು ಅದನ್ನೇ ಮೊದಲು ತಿರುವುತ್ತಾನೆ.

ಡೀಲರ ನಿತ್ಯನೆಂದು ಭಾವಿಸುವವರು ನಮ್ಮ ನೆರೆಯ ಕಲ್ಯಾಣವನ್ನು ನೆನೆಯಬೇಕು. 1990ರ ದಶಕದ ನಡುವೆ ಪ್ರೀಮಿಯರಿನವರು ಫ್ರಾನ್ಸಿನ ಪ್ಯೂಜೋ ಕಂಪನಿಯೊಡನೆ ಸೇರಿ ಅಲ್ಲಿನ ಕಾರ್ಖಾನೆಯಲ್ಲಿ ಪ್ಯೂಜೋ 309 ಕಾರು ಮಾಡಿದರು. ದಶಕ ಮುಗಿಯುವ ಮೊದಲೇ ಪಾಲುದಾರಿಕೆ ಮುರಿದು ಫ್ರೆಂಚರು ಊರು ಬಿಟ್ಟರು. ಡೀಲರನೇ ಪ್ರಮಾಣವೆಂದು ನಂಬಿದ್ದವರಿಗೆ ಆಮೇಲೆ ಉಳಿದದ್ದು ರಸ್ತೆಬದಿಯ ಉಸ್ತಾದರೇ. 2017ರಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿದಾಗ, 2021ರಲ್ಲಿ ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಸಾರಿದಾಗ ಇದೇ ತತ್ವ ಪುನಃ ನೆನಪಾಯಿತು.

ಹಾಗೆಂದು ಉಸ್ತಾದನನ್ನು ಋಷಿ ಮಾಡಬೇಕಿಲ್ಲ. ಡೀಲರ ವರ್ಕ್‌ಶಾಪೂ ಅವನ ಗ್ಯಾರೇಜೂ ಎಷ್ಟೋ ಸಲ ಥಾಣೆ–ಬೇಲಾಪುರ ರಸ್ತೆಯಾಚೆ ಎಂಐಡಿಸಿಯ ಒಂದೇ ಧೂಳಿನ ಗಲ್ಲಿಯಲ್ಲಿ ಇರುತ್ತವೆ. ಒಂದರಲ್ಲಿ ಎಸಿ ಇರುವ ಕೋಣೆಯಲ್ಲಿ ಕಾಯಬೇಕು, ಇನ್ನೊಂದರಲ್ಲಿ ಟಯರಿನ ಮೇಲೆ. ಪುಸ್ತಕ 0ಡಬ್ಲ್ಯೂ-20 ಎಂದು ತೆಳು ಎಣ್ಣೆ ವಿಧಿಸಿದ್ದರೂ ಅವನು ಡ್ರಮ್ಮಿನಿಂದ ದಪ್ಪ 20ಡಬ್ಲ್ಯೂ-50 ಸುರಿದು ‘ಇಂಜಿನ್ ಮಖ್ಖನ್ ಚಲೇಗಾ’ ಎನ್ನಬಹುದು. ಹೊಸ ಎಂಜಿನ್ನಿನ ಇಕ್ಕಟ್ಟು ಸಂದುಗಳಲ್ಲಿ ಆ ಮಖ್ಖನ್ ನಡೆಯುವುದಿಲ್ಲ. ಎಣ್ಣೆಯ ಡಬ್ಬಿ, ಫಿಲ್ಟರು ನಾವೇ ಕೊಂಡೊಯ್ದು, ಸೀಲು ನಮ್ಮೆದುರೇ ಒಡೆಸಿ, ಹಳೆಯ ಫಿಲ್ಟರನ್ನು ಕೈಗೆ ತೆಗೆದುಕೊಂಡು ಬರುವುದು ಶಿಷ್ಟಾಚಾರ. ಬಿಡಿಭಾಗಗಳ ಮೇಲಿದ್ದ 28 ಶೇಕಡಾ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಇಳಿದ ಹತ್ತನ್ನು ಎಸ್ಟಿಮೇಟಿನಲ್ಲಿ ಡೀಕಾರ್ಬನೈಸಿಂಗ್ ತುಂಬಿಕೊಂಡಿತೋ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಸಿದ್ಧಾಂತ ಇಷ್ಟು ಖಚಿತವಾಗಿದ್ದರೂ ಅದು ಪ್ರತಿ ಏಪ್ರಿಲಿನಲ್ಲಿ ಮುರಿದು ಬೀಳುತ್ತದೆ. ಫೋನಿನಲ್ಲಿ ಆಚಾರ್ಯರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಸರ್, ಮೇ ಮೇಂ ಗಾಂವ್ ಜಾನಾ ಹೈ ನಾ?’ ಅಷ್ಟು ಸಾಕು. ಪನವೇಲಿನಿಂದ ಹೆದ್ದಾರಿ 66, ಹಿಂದಿನ ಸೀಟಿನಲ್ಲಿ ಅತ್ತೆ, ಡಿಕ್ಕಿಯಲ್ಲಿ ಮಾವಿನ ಪೆಟ್ಟಿಗೆ, ರಾತ್ರಿ ಎರಡು ಗಂಟೆಗೆ ಕಶೇಡಿ ಘಾಟಿನಲ್ಲಿ ಹೊಗೆ ಉಗುಳುವ ಬಾನೆಟ್ಟು, ಎಲ್ಲವೂ ಕಣ್ಣ ಮುಂದೆ ಬರುತ್ತದೆ. ಕಶೇಡಿಯಲ್ಲಿ ಈಗ ಸುರಂಗವಿದೆ. ಭಯ ಮಾತ್ರ ಹಳೆಯ ಘಾಟಿಯ ತಿರುವುಗಳಲ್ಲೇ ಸುತ್ತುತ್ತಿದೆ. ಯಜಮಾನ ಪೆನ್ನು ಕೆಳಗಿಟ್ಟು ‘ಸಬ್ ಕರ್ ದೋ’ ಎನ್ನುತ್ತಾನೆ. ಹೆಂಡತಿ ಕಣ್ಣು ಕೆಂಪಗೆ ಮಾಡಿದರೆ ಎನ್‌ರಿಚ್‌ಮೆಂಟ್ ಒಂದನ್ನು ಬಿಡಿಸುತ್ತಾನೆ.

ಸಂಗತಿ ಎಂಬ ಐದನೆಯ ಅಂಗದ ಜಾಗದಲ್ಲಿ ಇಲಿಯ ಮಾತು ಬರಬೇಕಾಗಿದೆ. ನಿಂತೇ ಇರುವ ಕಾರಿನ ಬಾನೆಟ್ಟಿನೊಳಗೆ ಮಳೆಗಾಲದಲ್ಲಿ ಬೆಚ್ಚಗೆ ಸೇರಿ ವೈರು ಕಡಿಯುವ ಈ ಜೀವಿ ಡೀಲರ, ಗ್ಯಾರೇಜು ಎಂಬ ಭೇದ ಎಣಿಸುವುದಿಲ್ಲ. ಅದು ಕಡಿದದ್ದು ತಯಾರಿಕೆಯ ದೋಷವಲ್ಲವಾದ್ದರಿಂದ ವಾರಂಟಿಗೂ ಸೇರುವುದಿಲ್ಲ. ಡಾಮರುಗುಳಿಗೆಯೇ ಮೇಲು ಎಂದು ಒಂದು ಪಂಥ, ಎಂಜಿನ್ನಿನ ಪಕ್ಕ ಹೊಗೆಸೊಪ್ಪು ಕಟ್ಟಬೇಕೆಂದು ಇನ್ನೊಂದು ಪಂಥ. ಎರಡನೇ ಮಾಳಿಗೆಯ ಮಾವ ಎರಡನೆಯದಕ್ಕೆ ಸೇರಿದವರು, ಊರಿನಿಂದ ತಂದು ತಾವೇ ಕಟ್ಟಿ ಕೊಡುತ್ತಾರೆ. ಸರ್ವಿಸ್‌ಗೆ ಕೊಟ್ಟಾಗ ಆ ಸೊಪ್ಪಿನ ಕಟ್ಟು ಸ್ಟೆಪ್ನಿ, ಜಾಕ್, ಕೊಡೆ, ಗಣಪತಿಗಳ ಜೊತೆಗೆ ಜಾಬ್ ಕಾರ್ಡಿನ ‘ಗ್ರಾಹಕರ ವಸ್ತುಗಳು’ ಎಂಬ ಕಲಮಿನಲ್ಲಿ ನಮೂದಾಗುತ್ತದೆ, ಗಾಡಿ ವಾಪಸು ಕೊಡುವಾಗ ಎಣಿಸಿ ಒಪ್ಪಿಸುತ್ತಾರೆ.