ಮೀನು ಮೊದಲು, ಅನ್ನ ಆಮೇಲೆ

ರಾತ್ರಿ ಎಂಟಕ್ಕೇ ಹಸಿವಾಗುವವರು ಸ್ಪೇನಿನ ಇಬಿಜಾ ದ್ವೀಪಕ್ಕೆ ಹೋಗುವ ಮೊದಲು ಸ್ವಲ್ಪ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂ ಇಪ್ಪತ್ತರ ಸುಮಾರಿಗೆ. ಎಂಟು ಗಂಟೆಗೆ ಹೋಟೆಲಿನ ಬಾಗಿಲಲ್ಲಿ ನಿಂತರೆ ಒಳಗೆ ಕೆಲಸದವರು ತಾವೇ ಊಟಕ್ಕೆ ಕೂತಿರುತ್ತಾರೆ. ಮಾಣಿ ತಲೆಯೆತ್ತಿ, ಪಾಪ ಇವರಿಗೆ ಮಧ್ಯಾಹ್ನ ಏನೂ ಸಿಕ್ಕಿರಲಿಕ್ಕಿಲ್ಲ ಎಂಬ ಕನಿಕರದಿಂದ ನೋಡುತ್ತಾನೆ. ಒಂಬತ್ತೂವರೆಗೆ ಬನ್ನಿ ಅನ್ನುತ್ತಾನೆ. ನಮ್ಮ ಮನೆಯಲ್ಲಿ ಒಂಬತ್ತೂವರೆ ಎಂದರೆ ಹಾಲಿಗೆ ಹೆಪ್ಪು ಹಾಕಿ, ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಮಲಗುವ ಹೊತ್ತು.

ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವನು ನನ್ನ ಅಣ್ಣನ ಮಗ. ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿಂದ ಇಬಿಜಾಕ್ಕೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಹುಡುಗ ಬಲು ಅಚ್ಚುಕಟ್ಟು. ಯಾವ ಬೀಚು ಎಷ್ಟು ಗಂಟೆಗೆ, ಯಾವ ಬಂಡೆಯ ಮೇಲೆ ಕೂತು ಸೂರ್ಯಾಸ್ತ, ಯಾವ ಹೋಟೆಲಿನಲ್ಲಿ ಯಾವ ತಿಂಡಿ ಎಂದು ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡಿದ್ದ. “ಚಿಕ್ಕಪ್ಪ, ಇಲ್ಲಿ ರಿಲ್ಯಾಕ್ಸ್ ಮಾಡಬೇಕು ಅಂದ್ರೆ ಮೊದಲೇ ಬುಕ್ ಮಾಡಬೇಕು” ಎಂದ. ಮಜಾ ಮಾಡುವುದು ಎಷ್ಟು ಮೈಮುರಿಯುವ ಕೆಲಸ ಎಂಬುದು ನನಗೆ ಗೊತ್ತಾಗಿದ್ದು ಈ ದ್ವೀಪದಲ್ಲೇ. ಬೆಳಿಗ್ಗೆ ಹತ್ತಕ್ಕೆ ಜನ ಚಾಪೆ, ಛತ್ರಿ, ನೀರಿನ ಬಾಟಲಿ, ಮೈಗೆ ಬಳಿಯುವ ಕ್ರೀಮು ಹೊತ್ತುಕೊಂಡು ಬೀಚಿಗೆ ಹೊರಡುತ್ತಾರೆ. ಬಲಮಗ್ಗುಲು ಬೇಯುವವರೆಗೆ ಮಲಗಿ, ಆಮೇಲೆ ಎಡಮಗ್ಗುಲಿಗೆ ಹೊರಳುತ್ತಾರೆ. ಯಾರ ಮುಖದಲ್ಲೂ ನಗುವಿಲ್ಲ. ಕಚೇರಿಯಲ್ಲಿ ಮಾರ್ಚ್ ತಿಂಗಳ ಲೆಕ್ಕ ಮುಗಿಸುವವರ ಶ್ರದ್ಧೆ.

ಬೀಚುಗಳು ಚೆಂದವಿವೆ, ಅದರಲ್ಲಿ ಎರಡು ಮಾತಿಲ್ಲ. ಪಶ್ಚಿಮದ ಕಾಲಾ ಕೋಮ್ಟೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಬಗ್ಗಿ ನೋಡಿದರೆ ಕಾಲಿನ ಉಗುರು ಕಾಣುತ್ತದೆ. ಇಷ್ಟು ತಿಳಿಯಾಗಿರಲು ಒಂದು ಹುಲ್ಲು ಕಾರಣ. ಪೊಸಿಡೋನಿಯಾ ಎಂದು ಹೆಸರು. ಪಾಚಿಯಲ್ಲ, ಬೇರು, ಎಲೆ, ಹೂವು ಎಲ್ಲ ಇರುವ ಗಿಡವೇ, ಸಮುದ್ರದ ತಳದಲ್ಲಿ ಹುಲ್ಲುಗಾವಲಿನಂತೆ ಹಬ್ಬಿದೆ. ನೀರಿನಲ್ಲಿ ತೇಲುವ ಕಸರು ಅದರ ಎಲೆಗಳ ನಡುವೆ ಕೆಳಗಿಳಿದು ನಿಲ್ಲುತ್ತದೆ. ಇಬಿಜಾ ಮತ್ತು ಪಕ್ಕದ ಫೊರ್ಮೆಂತೇರಾ ದ್ವೀಪದ ನಡುವೆ ಸುಮಾರು 8 ಕಿಲೋಮೀಟರ್ ಹಬ್ಬಿರುವುದು ಒಂದೇ ಗಿಡ ಎಂದು 2006ರಲ್ಲಿ ಪತ್ತೆಯಾಯಿತು; ಅದರ ವಯಸ್ಸು ಒಂದು ಲಕ್ಷ ವರ್ಷವಿದ್ದರೂ ಇರಬಹುದಂತೆ. ಇಂಥ ಹಿರಿಯರ ಉದುರಿದ ಎಲೆಗಳು ದಡಕ್ಕೆ ಬಂದು ಕಂದು ರಿಬ್ಬನ್ನಿನ ರಾಶಿಯಾಗಿ ಬೀಳುತ್ತವೆ, ಮರಳು ಕೊಚ್ಚಿಹೋಗದಂತೆ ತಡೆಯುತ್ತವೆ. ದುಡ್ಡು ಕೊಟ್ಟು ಬಂದವರಿಗೆ ಮಾತ್ರ ಅದು ಕಸ. ನಮ್ಮ ಪಕ್ಕದಲ್ಲಿದ್ದ ಒಬ್ಬಾಕೆ ಮೂಗು ಮುಚ್ಚಿಕೊಂಡು ಚಾಪೆ ಎತ್ತಿಕೊಂಡು ಹೋದಳು. ನನ್ನ ಹೆಂಡತಿ ಕುಂದಾಪುರದ ಕಡೆಯವಳು, ಕಡಲಿನ ವಾಸನೆಗೆ ಹೆದರುವ ಪೈಕಿಯಲ್ಲ. ಆ ರಾಶಿಯ ಮೇಲೇ ಸೆರಗು ಹರಡಿ ಕೂತು, “ಮೆತ್ತಗಿದೆ ರೀ, ಬನ್ನಿ” ಎಂದಳು. ಬಾಡಿಗೆಯ ಮಂಚದ ದುಡ್ಡು ಉಳಿಯಿತು.

ದ್ವೀಪಕ್ಕೆ ಒಬ್ಬ ಹಳೆಯ ದೇವರಿದ್ದಾನೆ. ಬೇಸ್ ಅಂತ. ಈಜಿಪ್ಟಿನ ಮೂಲದವನು, ಕುಳ್ಳ, ಗಡ್ಡದವನು. ಫಿನೀಷಿಯನ್ ವರ್ತಕರ ಜೊತೆ ಬಂದು ನೆಲೆನಿಂತ ಈತನ ಚಿತ್ರ ಇಲ್ಲಿನ ಹಳೆಯ ನಾಣ್ಯಗಳ ಮೇಲೂ ಇದೆ, ಕೈಯಲ್ಲೊಂದು ಹಾವು ಹಿಡಿದು. ಅವನ ಖಾತೆಗಳು ಮೂರು: ಮನೆ ಕಾಯುವುದು, ಕುಣಿಯುವುದು, ಹಾವು ಓಡಿಸುವುದು. ಕ್ರಿಸ್ತಪೂರ್ವ 654ರಲ್ಲಿ ಊರು ಹುಟ್ಟಿತೆಂದು ಹೇಳುತ್ತಾರೆ. ಅಂದಿನಿಂದ ಇಲ್ಲಿಯತನಕ ಕುಣಿತದ ಖಾತೆಗೆ ಕುಂದು ಬಂದಿಲ್ಲ. ಹಾವಿನ ಖಾತೆಯನ್ನು ಮಾತ್ರ ಇತ್ತೀಚೆಗೆ ಯಾರೋ ಕೆಡಿಸಿದ್ದಾರೆ. ಶ್ರೀಮಂತರು ತಮ್ಮ ಬಂಗಲೆಗಳ ಅಂಗಳಕ್ಕೆಂದು ಸ್ಪೇನಿನ ಒಳನಾಡಿನಿಂದ ನೂರಾರು ವರ್ಷದ ಆಲಿವ್ ಮರಗಳನ್ನು ಬೇರುಸಮೇತ ತರಿಸಿಕೊಂಡರು. ಮರದ ಪೊಟರೆಯಲ್ಲಿ ಹಾವುಗಳೂ ಬಂದವು. ಎರಡು ದಶಕದಲ್ಲಿ ಅವು ದ್ವೀಪದ ತುಂಬ ಹರಡಿ, ಇಲ್ಲಿ ಮಾತ್ರ ಹುಟ್ಟಿ ಬೆಳೆದ ಹಸಿರು ನೀಲಿ ಹಲ್ಲಿಗಳನ್ನು ತಿಂದು ಮುಗಿಸುತ್ತಿವೆ. ಆ ಹಲ್ಲಿಯ ಚಿತ್ರ ಅಂಗಡಿಗಳಲ್ಲಿ ಅಂಗಿಯ ಮೇಲೆ, ಕೀಗೊಂಚಲಿನ ಮೇಲೆ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಯ ಮೇಲೆ ಧಾರಾಳವಾಗಿ ಸಿಗುತ್ತದೆ. ದಾಲ್ತ್ ವಿಲಾ ಎಂಬ ಕೋಟೆಯೂರಿನ ಗೋಡೆಯ ಮೇಲೆ ಒಂದು ನಿಜವಾದ ಹಲ್ಲಿಯೂ ಬಿಸಿಲು ಕಾಯಿಸುತ್ತಿತ್ತು. ಬಲಮಗ್ಗುಲು, ಎಡಮಗ್ಗುಲು ಎಂಬ ಲೆಕ್ಕ ಅದಕ್ಕಿರಲಿಲ್ಲ.

ಊಟದ ವಿಚಾರಕ್ಕೆ ಬರುತ್ತೇನೆ, ಅಲ್ಲೇ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯ ಹುಟ್ಟಿದ್ದು. ದ್ವೀಪದ ಹೆಸರಾಂತ ಅಡುಗೆ ‘ಬುಲ್ಲಿತ್ ದೆ ಪೇಷ್’. ಮೀನುಗಾರರ ಊಟ. ಬಂಡೆಗಳ ಸಂದಿಯಲ್ಲಿ ಸಿಗುವ ಮೀನನ್ನು ಆಲೂಗಡ್ಡೆಯ ಜೊತೆ ಕೇಸರಿ ಹಾಕಿ ಬೇಯಿಸುತ್ತಾರೆ. ಅಗಲವಾದ ತಟ್ಟೆಯಲ್ಲಿ ಮೀನು, ಆಲೂಗಡ್ಡೆ, ಮೇಲೆ ಬೆಳ್ಳುಳ್ಳಿ ಎಣ್ಣೆ ಅರೆದ ಬೆಳ್ಳನೆಯ ಗೊಜ್ಜು ಬಂತು. ಹೆಂಡತಿ ಕೈ ತೊಳೆದು ಬಂದು ಕೂತಳು. ಬಾಗಿಲಿನ ಕಡೆ ನೋಡಿದಳು. ಮತ್ತೆ ನೋಡಿದಳು.

“ಅನ್ನ?”

“ಅದು ಆಮೇಲೆ ಬರುತ್ತೆ, ಚಿಕ್ಕಮ್ಮ” ಎಂದ ನಮ್ಮ ಹುಡುಗ. “ಮೀನು ಮುಗಿದ ಮೇಲೆ ಅದೇ ನೀರಲ್ಲಿ ಅನ್ನ ಬೇಯಿಸಿ ತರ್ತಾರೆ. ಅದೇ ಇಲ್ಲಿನ ಕ್ರಮ.”

“ಮೀನು ಮುಗಿದ ಮೇಲೆ ಅನ್ನ ಯಾಕೆ ಮಾರಾಯ?”

ಈ ಪ್ರಶ್ನೆಗೆ ಉತ್ತರವಿಲ್ಲ. ಅವಳು ಮೀನಿನಲ್ಲಿ ಅರ್ಧವನ್ನು ತಟ್ಟೆಯ ಅಂಚಿಗೆ ಸರಿಸಿ, ಕೈ ಕಟ್ಟಿ ಕಾದಳು. ಮಾಣಿ ಎರಡು ಸಲ ಬಂದು ತಟ್ಟೆ ಎತ್ತಲು ನೋಡಿದ. ಎರಡು ಸಲವೂ ಅವಳು ಅಂಗೈ ಅಡ್ಡ ಹಿಡಿದಳು. ಕೊನೆಗೆ ಕಬ್ಬಿಣದ ಅಗಲ ಬಾಣಲೆಯಲ್ಲಿ ಅನ್ನ ಬಂತು, ಬೆರಳಿನ ಒಂದು ಗೆರೆಯಷ್ಟೂ ದಪ್ಪವಿಲ್ಲದ ತೆಳು ಪದರ, ಅಂಚಿನಲ್ಲಿ ಸೀಕಲು ಹಿಡಿದು ಗರಿಗರಿ. ಮೀನಿನ ರಸವೆಲ್ಲ ಆ ಅಕ್ಕಿಯೊಳಗೆ ಇಳಿದಿತ್ತು. ಅಕ್ಕಿ ಉದುರುದುರು, ಬೆಂದೂ ಹಲ್ಲಿಗೆ ತಾಗುವ ಹದ. ನನಗಂತೂ ಮೀನಿಗಿಂತ ಅನ್ನವೇ ಒಂದು ಕೈ ಮೇಲು ಅನ್ನಿಸಿತು. ಅವಳು ಉಳಿಸಿಟ್ಟ ಮೀನನ್ನು ಅನ್ನಕ್ಕೆ ಕಲಸಿಕೊಂಡು, ಬೆಳ್ಳುಳ್ಳಿ ಗೊಜ್ಜು ಸೇರಿಸಿ, ಬೆರಳಿನಲ್ಲಿ ಒಟ್ಟುಮಾಡಿ ತಿಂದಳು. ಅಡುಗೆಯವನು ಒಳಗಿನಿಂದ ಬಂದು ನೋಡಿ ಹೋದ. ಅಸಮಾಧಾನವೋ ಸಂತೋಷವೋ ತಿಳಿಯಲಿಲ್ಲ. ಬಿಲ್ಲು ಎರಡಕ್ಕೂ ಒಂದೇ.

ಸಿಹಿಗೆ ‘ಫ್ಲಾವೋ’ ತಂದರು. ಮೇಕೆ, ಕುರಿ ಹಾಲಿನ ಚೀಸಿಗೆ ಮೊಟ್ಟೆ, ಸಕ್ಕರೆ, ಪುದೀನ ಸೊಪ್ಪು ಹಾಕಿ, ಸೋಂಪಿನ ಘಮವಿರುವ ಹಿಟ್ಟಿನ ತೊಟ್ಟಿಲಲ್ಲಿ ಸುಟ್ಟದ್ದು. ಪುದೀನವನ್ನು ಸಿಹಿಗೆ ಹಾಕಬಹುದು ಎಂಬುದನ್ನು ನಾನು ಒಪ್ಪಿಕೊಂಡೆ. ಎರಡನೇ ಸಲ ಕೇಳಿಯೂ ತಿಂದೆ.

ಹೋದಲ್ಲೆಲ್ಲ ಎಸ್ ವೆದ್ರಾ ಎಂಬ ಬಂಡೆಯ ಮಾತು. ಕಡಲಿನಿಂದ ಸುಮಾರು 400 ಮೀಟರ್ ನೇರ ಎದ್ದು ನಿಂತಿದೆ. ಅದಕ್ಕೆ ಅಯಸ್ಕಾಂತದ ಶಕ್ತಿಯಿದೆ, ದಿಕ್ಸೂಚಿ ಗಿರಗಿರ ತಿರುಗುತ್ತದೆ ಎಂದು ನಂಬುವವರಿದ್ದಾರೆ. ಬಂಡೆ ಸುಣ್ಣದ ಕಲ್ಲಿನದು. ಸುಣ್ಣದ ಕಲ್ಲು ಕಬ್ಬಿಣವನ್ನು ಎಳೆದದ್ದನ್ನು ನಾನು ಕೇಳಿಲ್ಲ. ಪ್ರವಾಸಿಗಳನ್ನು ಎಳೆಯುವುದರಲ್ಲಿ ಮಾತ್ರ ಅದನ್ನು ಮೀರಿಸಿದ್ದಿಲ್ಲ.

ಶನಿವಾರ ಸಾಂತ್ ಕಾರ್ಲೆಸ್ ಹಳ್ಳಿಯ ಲಾಸ್ ದಾಲಿಯಾಸ್ ಸಂತೆಗೆ ಹೋದೆವು. 1960ರ ದಶಕದಲ್ಲಿ ಈ ಕಡೆ ಹಿಪ್ಪಿಗಳು ಬಂದು ತುಂಬಿಕೊಂಡರು. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದ ಅಮೆರಿಕದ ಹುಡುಗರೂ ಅವರಲ್ಲಿದ್ದರು. ಮನೆ ವಿಳಾಸ ಎಂಬುದು ಇರದಿದ್ದ ಅವರಿಗೆ ಬರುತ್ತಿದ್ದ ಕಾಗದಗಳನ್ನು ಹಳ್ಳಿಯ ಅನಿತಾ ಬಾರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮರದ ಅಂಚೆಗೂಡುಗಳು ಇಂದಿಗೂ ಗೋಡೆಯಲ್ಲಿವೆ. ಬೇಸಿಗೆಯಲ್ಲಿ ಇಬಿಜಾ, ಚಳಿಗಾಲದಲ್ಲಿ ಗೋವಾ ಎಂದು ಓಡಾಡುತ್ತಿದ್ದವರು ಇವರು. ಗೋವಾದಲ್ಲಿ ಗದ್ದಲ ಹೆಚ್ಚಾದ ಮೇಲೆ ಈ ಪೈಕಿಯವರು ಇನ್ನೂ ದಕ್ಷಿಣಕ್ಕೆ ಸರಿದು ನಮ್ಮ ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೂ ಇಳಿದರು. ಹಾಗಾಗಿ ಸಂತೆಯಲ್ಲಿ ನಡೆಯುವಾಗ ದೂರದ ಊರಿಗೆ ಬಂದಿದ್ದೇವೆ ಎಂದು ಅನ್ನಿಸಲೇ ಇಲ್ಲ. ಅದೇ ಅಗರಬತ್ತಿ, ಅದೇ ಗೆಜ್ಜೆ, ಅದೇ ಅಚ್ಚಿನ ಬಟ್ಟೆ, ಗಣಪತಿಯ ಅದೇ ಚಿತ್ರ. ನಮ್ಮಲ್ಲಿ ಹಾಸಿಗೆಗೆ ಹಾಸುವ ಬಟ್ಟೆಯನ್ನು ಇಲ್ಲಿ ಮೈಗೆ ಸುತ್ತಿಕೊಳ್ಳಲು ಮಾರುತ್ತಿದ್ದರು. ಹೆಂಡತಿ ಬೆಲೆ ಕೇಳಿ, ಮೈಮೇಲಿದ್ದ ಹತ್ತಿ ಸೀರೆಯ ನೆರಿಗೆಯನ್ನು ಹೊಸ ಗೌರವದಿಂದ ಸರಿಮಾಡಿಕೊಂಡಳು.

ಇನ್ನು ರಾತ್ರಿ. ಅದಕ್ಕೂ ಇಲ್ಲಿ ಇತಿಹಾಸವಿದೆ. 1973ರಲ್ಲಿ ಪಾಚಾ, 1976ರಲ್ಲಿ ಅಮ್ನೇಸಿಯಾ, ಎಲ್ಲ ಹಳೆಯ ತೋಟದ ಮನೆಗಳಲ್ಲಿ ಶುರುವಾದವು. ಅರ್ಜೆಂಟೀನಾದಿಂದ ಬಂದ ಆಲ್ಫ್ರೆದೋ ಎಂಬಾತ ಅಮ್ನೇಸಿಯಾದಲ್ಲಿ ಸಿಕ್ಕಿದ ದೇಶದ, ಸಿಕ್ಕಿದ ಬಗೆಯ ಹಾಡುಗಳನ್ನೆಲ್ಲ ಬೆಸೆದು ನುಡಿಸುತ್ತಿದ್ದ. 1987ರಲ್ಲಿ ಲಂಡನ್ನಿನ ನಾಲ್ವರು ಡೀಜೆಗಳು ಬಂದು ಕೇಳಿ, ಮರುಳಾಗಿ, ಅದನ್ನು ಊರಿಗೆ ಹೊತ್ತುಕೊಂಡು ಹೋದರು. ಅದೇ ವರ್ಷ ಕು ಎಂಬ ಕ್ಲಬ್ಬಿನಲ್ಲಿ ಫ್ರೆಡ್ಡಿ ಮರ್ಕ್ಯುರಿ ಹಾಡಿದ್ದು, ಮೊನ್ಸೆರಾತ್ ಕಬಾಯೆ ಜೊತೆ. ಫ್ರೆಡ್ಡಿ ಎಂದರೆ ಫರೂಖ್ ಬಲ್ಸಾರಾ, ಪಂಚಗಣಿಯ ಹಾಸ್ಟೆಲಿನಲ್ಲಿ ಓದಿದ ಪಾರ್ಸಿ ಹುಡುಗ. ಈ ಕ್ಲಬ್ಬುಗಳಲ್ಲಿ ಮೊದಲು ತೆರೆದ ಆಕಾಶದ ಕೆಳಗೇ ಕುಣಿಯುತ್ತಿದ್ದರು. ನೆರೆಯವರು ಸದ್ದು ತಾಳಲಾರದೆ ಹೋದಾಗ ಮಾಡು ಹಾಕಿಸಿದರು.

“ಕ್ಲಬ್ಬಿಗೆ ನೀವಿಬ್ಬರೂ ಬರೋದು ಕಷ್ಟ, ಚಿಕ್ಕಪ್ಪ. ಶುರುವಾಗೋದೇ ಹನ್ನೆರಡಕ್ಕೆ. ದೊಡ್ಡ ಡೀಜೆ ಬರೋ ಹೊತ್ತಿಗೆ ಮೂರಾಗುತ್ತೆ. ಬೆಳಿಗ್ಗೆ ಆರರ ತನಕ” ಎಂದ ಹುಡುಗ.

ಹೆಂಡತಿ ಓದುತ್ತಿದ್ದುದನ್ನು ಕೆಳಗಿಟ್ಟಳು. “ಆಟದ ಹಾಗೆಯೇ!” ಎಂದಳು.

ಚಿಕ್ಕಂದಿನಲ್ಲಿ ಚಾಪೆ ಹಿಡಿದುಕೊಂಡು ಗದ್ದೆಯ ಬಯಲಿಗೆ ಹೋಗಿ, ಕೋಡಂಗಿ ಕುಣಿತದಿಂದ ಮಂಗಳದವರೆಗೆ ಯಕ್ಷಗಾನ ನೋಡಿದವಳು ಅವಳು. ನಿದ್ದೆಗೆಡುವುದರಲ್ಲಿ ಅವಳದು ಮನೆತನದ ವಿದ್ಯೆ. ಸಂಜೆ ಎರಡು ತಾಸು ಮಲಗಿ ಎದ್ದು, ಬಿಗಿಯಾಗಿ ಜಡೆ ಹಾಕಿ, ಚೀಲದಲ್ಲಿ ಚಕ್ಕುಲಿ ಪೊಟ್ಟಣ ಇಟ್ಟುಕೊಂಡಳು. ಪೊಟ್ಟಣ ಬಾಗಿಲಲ್ಲೇ ಜಪ್ತಿಯಾಯಿತು. ಒಳಗೆ ಒಂದು ಬಾಟಲಿ ನೀರಿಗೆ ಕೇಳಿದ ದುಡ್ಡಿನಲ್ಲಿ ಊರಲ್ಲಿ ಒಂದು ವಾರ ಕ್ಯಾನ್ ನೀರು ತರಿಸಬಹುದಿತ್ತು. ಯಾರು ಏನನ್ನುತ್ತಾರೋ ಎಂದು ಸುಮ್ಮನಾದೆ. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಂದು ತಾಗುತ್ತಿತ್ತು. ಒಂದೂವರೆಯ ತನಕ ಒಬ್ಬ ತೆಳ್ಳನೆಯ ಹುಡುಗ ನುಡಿಸಿದ, ಕುಣಿಯುವವರು ಕಡಿಮೆ.

“ಇದು ಪೂರ್ವರಂಗ” ಎಂದು ನನ್ನ ಕಿವಿಯಲ್ಲಿ ಕೂಗಿದಳು. “ಒಡ್ಡೋಲಗ ಇನ್ನೂ ಇದೆ.”

ಮೂರಕ್ಕೆ ಒಡ್ಡೋಲಗವಾಯಿತು. ಹೊಗೆ, ಬೆಳಕು, ಮೇಲಿನಿಂದ ಕಾಗದದ ಚೂರುಗಳ ಮಳೆ, ಡೀಜೆ ಎರಡೂ ಕೈ ಎತ್ತಿದ, ಜನ ಹೋ ಎಂದರು. ಅವಳು ಗಂಭೀರವಾಗಿ ನೋಡಿದಳು. ಪ್ರವೇಶ ಚೆನ್ನಾಗಿದೆ ಎಂದಳು. ಸ್ವಲ್ಪ ಹೊತ್ತು ಕಳೆದು, ಭಾಗವತರಿಲ್ಲ, ಪದ್ಯವಿಲ್ಲ, ಅರ್ಥ ಹೇಳುವವರಿಲ್ಲ, ಬರೀ ಚಂಡೆ ಎಂದು ತಕರಾರು ತೆಗೆದಳು. ಆದರೆ ಕಾಲು ಸುಮ್ಮನಿರಲಿಲ್ಲ. ಲೆಕ್ಕ ಹಾಕುತ್ತ ಹಾಕುತ್ತ ಬಲಗಾಲಿನಲ್ಲಿ ತಾಳ ಹಿಡಿದುಬಿಟ್ಟಳು. ಪಕ್ಕದಲ್ಲಿ ಬೆಳ್ಳಿ ಪುಡಿ ಮೆತ್ತಿಕೊಂಡಿದ್ದ ಹುಡುಗಿ ಅವಳ ಕೈ ಹಿಡಿದಳು, ಇಬ್ಬರೂ ಸ್ವಲ್ಪ ಹೊತ್ತು ತಮ್ಮ ತಮ್ಮ ಪ್ರಸಂಗವನ್ನು ಕುಣಿದರು. ನಾನು ಗೋಡೆಗೆ ಒರಗಿ, ನಿಂತಲ್ಲೇ ನಿದ್ದೆ ಮಾಡುವ ಕಲೆಯನ್ನು ಅಭ್ಯಾಸ ಮಾಡಿದೆ. ನಮ್ಮ ಹುಡುಗ ನಾಲ್ಕು ಗಂಟೆಗೇ ಮೂಲೆಯ ಸೋಫಾದಲ್ಲಿ ಬಾಯಿ ತೆರೆದು ಮಲಗಿದ್ದ.

ಆರಕ್ಕೆ ದೀಪ ಹಾಕಿ ಹೊರಗೆ ಕಳಿಸಿದರು. “ನಮ್ಮ ಊರಲ್ಲಿ ಮೇಳಗಳನ್ನೆಲ್ಲ ಕಾಲಮಿತಿ ಮಾಡಿ ಮಧ್ಯರಾತ್ರಿಗೇ ಮನೆಗೆ ಅಟ್ಟುತ್ತಾರೆ. ಇವರಿಗಾದರೆ ಬೆಳಗಿನ ತನಕ!” ಎಂದು ಬಸ್ಸಿನಲ್ಲಿ ಅವಳ ಸಂಕಟ. ರಾತ್ರಿ ಕುಣಿಯುವವರಿಗೆಂದೇ ಓಡುವ ಆ ಡಿಸ್ಕೋಬಸ್ಸಿನಲ್ಲಿ ಮಿಕ್ಕವರೆಲ್ಲ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿದ್ದರು. ಕಿಟಕಿಯ ಹೊರಗೆ ಅದೇ ಹೊತ್ತಿಗೆ ಇನ್ನೊಂದು ಇಬಿಜಾ ಕೆಲಸಕ್ಕೆ ಹೊರಟಿತ್ತು: ಪೊರಕೆ, ಬಕೆಟ್ಟು, ಹೋಟೆಲಿನ ಸಮವಸ್ತ್ರ. ಮನೆ ಬಾಡಿಗೆ ಮುಗಿಲು ಮುಟ್ಟಿ, ದುಡಿಯುವವರಲ್ಲಿ ಎಷ್ಟೋ ಜನ ವ್ಯಾನುಗಳಲ್ಲಿ, ಗುಡಾರಗಳಲ್ಲಿ ವಾಸವಾಗಿದ್ದಾರೆ. ರಸ್ತೆ ಬದಿಯ ಒಂದು ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಬ್ಬ ಸೈಡ್ ಮಿರರಿನಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆಯುತ್ತಿದ್ದ, ಬಿಳಿ ಅಂಗಿ ಬಾಗಿಲಿಗೆ ನೇತುಹಾಕಿಕೊಂಡು. ನಮಗೆ ಒಂಬತ್ತೂವರೆಗೆ ಬನ್ನಿ ಎಂದವರಲ್ಲಿ ಇವನೂ ಒಬ್ಬನಿರಬಹುದು.

ಮನೆಗೆ ಹೋಗಿ ಮಲಗುವ ಬದಲು ಹೆಂಡತಿ ಉಪ್ಪಿನಾಗರ ನೋಡಬೇಕೆಂದಳು. ದಕ್ಷಿಣದ ಸೆಸ್ ಸಲೀನೆಸ್‌ನಲ್ಲಿ ಫಿನೀಷಿಯನ್ನರ ಕಾಲದಿಂದ ಉಪ್ಪು ತೆಗೆಯುತ್ತಿದ್ದಾರೆ, ಈಗಲೂ. ಕ್ಲಬ್ಬುಗಳಿಗಿಂತ ಎರಡೂವರೆ ಸಾವಿರ ವರ್ಷ ಹಳೆಯ ವ್ಯಾಪಾರ. ಉಪ್ಪಿನ ಪಾತಿಗಳಲ್ಲಿ ನೀರು ತಿಳಿ ಗುಲಾಬಿ, ಆಚೆ ಬಿಳಿ ಗುಡ್ಡ. ಅದನ್ನು ದಾಟಿದರೆ ಬೀಚು. ಇನ್ನೂ ಖಾಲಿಯಿತ್ತು. ಹುಡುಗ ಸಾಲಿನ ಮೊದಲ ಮಂಚದ ಮೇಲೆ ಬಿದ್ದವನು ಎಚ್ಚರಾಗಲೇ ಇಲ್ಲ. ನಾವಿಬ್ಬರೂ ಪಕ್ಕದಲ್ಲಿ ಮರಳಿನ ಮೇಲೆ ಕೂತೆವು. ಬಿಸಿಲೇರಿದ ಮೇಲೆ ಮಂಚದ ಬಾಡಿಗೆ ವಸೂಲಿಯವನು ಯಂತ್ರ ಹಿಡಿದುಕೊಂಡು ಬಂದು ಮೊದಲು ನನ್ನ ಮುಖ ನೋಡಿದ, ಆಮೇಲೆ ಅವಳದು.

“ಮನ್ಕಂಡದ್ ಅಂವ, ಅವ್ನ ಹತ್ರವೇ ಕೇಣಿ” ಎಂದಳು ಅವಳು ಶುದ್ಧ ಕುಂದಗನ್ನಡದಲ್ಲಿ, ಬೆರಳು ತೋರಿಸಿ. ಅವನಿಗೆ ಪೂರ್ತಿ ಅರ್ಥವಾಯಿತು.